ಪಡೆಯುವವರ ಹಬ್ಬ

ಯೇಸುಸ್ವಾಮಿಯ ಜನನದ ವೃತ್ತಾಂತವನ್ನು ಸಂತ ಲೂಕರು ತಮ್ಮ ಶುಭಸಂದೇಶದಲ್ಲಿ, ಅಂದರೆ ಯೇಸುವಿನ ಜೀವನವನ್ನು ಹೇಳುವ ಬೈಬಲಿನ ಗ್ರಂಥದಲ್ಲಿ, ಬಹಳ ಮಿತವಾದ ಮಾತುಗಳಲ್ಲಿ ಹೇಳಿ ಮುಗಿಸುತ್ತಾರೆ. ಚಕ್ರವರ್ತಿ ಔಗುಸ್ತನ ಆಜ್ಞೆಯಂತೆ ಜನಗಣತಿಗೆಂದು ಜೋಸೆಫರೂ ಗರ್ಭಿಣಿಯಾಗಿದ್ದ ಮರಿಯಮ್ಮನವರೂ ನಜರೇತಿನಿಂದ ಬೆತ್ಲೆಹೇಮಿಗೆ ಹೋದರು. ಅಲ್ಲಿ ದಿನ ತುಂಬಿ, ಮರಿಯಮ್ಮನವರು ಚೊಚ್ಚಲ ಮಗನನ್ನು ಹೆತ್ತು, ಛತ್ರದಲ್ಲಿ ಸ್ಥಳವಿಲ್ಲದ ಕಾರಣ ಕೂಸನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿ ಮಲಗಿಸಿದರು. ಆ ಗೋದಲಿ ಯಾರದು, ಅದನ್ನು ಬಳಸಿಕೊಳ್ಳಲು ಬಿಟ್ಟವರು ಯಾರು, ಹೆರಿಗೆಯ ಹೊತ್ತಿನಲ್ಲಿ ಆ ತಾಯಿಯ ಪಕ್ಕದಲ್ಲಿ ಒಬ್ಬ ಹೆಂಗಸಾದರೂ ಇದ್ದಳೇ ಎಂಬುದನ್ನು ಅವರು ಹೇಳುವುದಿಲ್ಲ. ಕ್ರಿಸ್‌ಮಸ್ ನಾಟಕಗಳಲ್ಲಿ ಇಲ್ಲವೆಂದು ಹೇಳಿ ಬಾಗಿಲು ಮುಚ್ಚಿಕೊಳ್ಳುವ ಛತ್ರದ ಯಜಮಾನನನ್ನು ನಾವು ತಪ್ಪದೆ ತೋರಿಸುತ್ತೇವೆ. ಶುಭಸಂದೇಶದಲ್ಲಿ ಅಂಥ ಒಬ್ಬ ಮನುಷ್ಯ ಇಲ್ಲವೇ ಇಲ್ಲ. ಇಲ್ಲದವನ ಕಲ್ಲುಮನಸ್ಸನ್ನು ಇಷ್ಟು ವಿವರವಾಗಿ ಕಲ್ಪಿಸಿಕೊಂಡ ನಾವು, ಗೋದಲಿಯ ಬಳಿ ಜಾಗ ಬಿಟ್ಟುಕೊಟ್ಟವರ ಮರುಕವನ್ನು ನೆನೆಯುವುದು ಬಹಳ ಕಡಿಮೆ. ಇದು ನನ್ನನ್ನು ನೋಯಿಸುವ ಸಂಗತಿ.

ಮುಂದೆ ನಡೆದದ್ದನ್ನು ನೋಡಿದರೂ ಅಷ್ಟೇ. ಆ ಕೂಸನ್ನು ಮೊದಲು ಕಾಣಲು ಬಂದವರು ಬಯಲಿನಲ್ಲಿ ರಾತ್ರಿಯಿಡೀ ಮಂದೆ ಕಾಯುತ್ತಿದ್ದ ಕುರುಬರು. ಆ ಕುಟುಂಬಕ್ಕೆ ಅವರು ನೆಂಟರೂ ಅಲ್ಲ, ಪರಿಚಿತರೂ ಅಲ್ಲ. ಶುದ್ಧೀಕರಣದ ದಿನಗಳು ಮುಗಿದು ಮಗುವನ್ನು ಜೆರುಸಲೇಮಿನ ದೇವಾಲಯಕ್ಕೆ ತಂದಾಗ ತಂದೆತಾಯಿ ಅರ್ಪಿಸಿದ್ದು, ಕುರಿಮರಿ ತರಲು ಶಕ್ತಿಯಿಲ್ಲದ ಬಡವರಿಗೆಂದು ಯೆಹೂದ್ಯರ ಧರ್ಮಶಾಸ್ತ್ರವು ಅನುಮತಿಸಿದ್ದ ಜೋಡಿ ಹಕ್ಕಿಗಳ ಕಾಣಿಕೆಯನ್ನು. ಅಲ್ಲಿ ಆ ಮಗುವನ್ನು ತೋಳುಗಳಲ್ಲಿ ಎತ್ತಿಕೊಂಡು ದೇವರನ್ನು ಸ್ತುತಿಸಿದವರು ಸಿಮೆಯೋನ ಎಂಬ ಭಕ್ತರು. ಕಂಡಕಂಡವರಿಗೆಲ್ಲ ಅದರ ವಿಷಯ ಹೇಳಿದವರು ಅನ್ನ ಎಂಬ ವೃದ್ಧ ವಿಧವೆ. ಸಂತ ಮತ್ತಾಯರು ಹೇಳುವ ಮೂಡಣ ದೇಶದ ಜ್ಞಾನಿಗಳಂತೂ ಪರದೇಶದವರು. ಅವರ ಹೆಸರಾಗಲಿ ಸಂಖ್ಯೆಯಾಗಲಿ ಶುಭಸಂದೇಶದಲ್ಲಿಲ್ಲ. ಚಿನ್ನ, ಪರಿಮಳ ಧೂಪ, ರಕ್ತಬೋಳಗಳನ್ನು ಒಪ್ಪಿಸಿ ಬೇರೆ ದಾರಿಯಿಂದ ತಮ್ಮ ನಾಡಿಗೆ ಹೊರಟುಹೋದರು, ಮತ್ತೆ ಕಾಣಿಸಿಕೊಳ್ಳಲಿಲ್ಲ. ಕೂಸನ್ನು ಕೊಲ್ಲಲು ಹುಡುಕುತ್ತಿದ್ದ ಅರಸ ಹೆರೋದನ ಕತ್ತಿಗೆ ಹೆದರಿ ಆ ಕುಟುಂಬವು ರಾತ್ರೋರಾತ್ರಿ ಈಜಿಪ್ಟಿಗೆ ಓಡಬೇಕಾದಾಗ ದಾರಿಖರ್ಚಿಗೆ ಒದಗಿದ್ದು ಆ ಚಿನ್ನವೇ ಇರಬೇಕೆಂದು ಭಾವಿಸುವ ಭಕ್ತರಿದ್ದಾರೆ. ನನಗೂ ಹಾಗೆಯೇ ತೋರುತ್ತದೆ. ಈಜಿಪ್ಟಿನಲ್ಲಿ ಅವರಿಗೆ ನೆರಳು ಕೊಟ್ಟವರೂ ಯಾರೋ ಇದ್ದಿರಲೇಬೇಕು.

ಬಾಲ್ಯದಲ್ಲಿ ಹೀಗೆ ಪರರ ದಯೆಯಿಂದ ಉಳಿದ ಯೇಸುಸ್ವಾಮಿ, ದೊಡ್ಡವರಾದ ಮೇಲೂ ಕೈಯೊಡ್ಡಿ ಪಡೆಯುವುದಕ್ಕೆ ನಾಚಲಿಲ್ಲ. ಜನರಿಗೆ ಬೋಧಿಸಲು ಸಿಮೋನನ ದೋಣಿಯನ್ನು ಕೇಳಿ ಹತ್ತಿದರು. ಸಮಾರಿಯದ ಬಾವಿಯ ಬಳಿ ದಣಿದು ಕುಳಿತಾಗ, ತಮ್ಮ ಜನರು ವ್ಯವಹಾರವನ್ನೇ ಇಟ್ಟುಕೊಳ್ಳದಿದ್ದ ಜನಾಂಗದ ಹೆಣ್ಣುಮಗಳೊಬ್ಬಳನ್ನು ಕುಡಿಯಲು ನೀರು ಬೇಡಿದರು. ಅವರ ಸಂಚಾರದ ಖರ್ಚನ್ನು ಕೆಲವು ಹೆಂಗಸರು ತಮ್ಮ ಸ್ವಂತ ಹಣದಿಂದ ನೋಡಿಕೊಂಡರೆಂದು ಸಂತ ಲೂಕರು ಬರೆದಿದ್ದಾರೆ. ಜೆರುಸಲೇಮನ್ನು ಪ್ರವೇಶಿಸಿದ ಕತ್ತೆಮರಿ, ಕಡೆಯ ಭೋಜನದ ಮೇಲುಪ್ಪರಿಗೆ, ಕೊನೆಗೆ ದೇಹವನ್ನಿಟ್ಟ ಸಮಾಧಿ, ಯಾವುದೂ ಅವರದಾಗಿರಲಿಲ್ಲ. ಶಿಲುಬೆಯ ದಾರಿಯಲ್ಲಿ ಅವರ ಭಾರವನ್ನು ಹೊತ್ತವನು ಹಳ್ಳಿಯ ಕಡೆಯಿಂದ ಬರುತ್ತಿದ್ದ ಸಿರೇನ್ಯದ ಸಿಮೋನನೆಂಬ ದಾರಿಹೋಕ. ಸರ್ವವನ್ನೂ ಸೃಷ್ಟಿಸಿದವರು ತಮ್ಮ ಸೃಷ್ಟಿಯ ಮುಂದೆ ಅಗತ್ಯವುಳ್ಳವರಾಗಿ ಬಂದು ನಿಂತರು. ಮನುಷ್ಯಾವತಾರದ ರಹಸ್ಯದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಈ ಒಂದು ವಿಷಯದಲ್ಲಿ.

ಆದರೆ ನಾವು ಈ ಹಬ್ಬವನ್ನು ಕೊಡುವವರಾಗಿ ಆಚರಿಸಲು ಬಯಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ನಾಲ್ಕನೆಯ ಶತಮಾನದಲ್ಲಿ ಮೈರಾ ಪಟ್ಟಣದ ಧರ್ಮಾಧ್ಯಕ್ಷರಾಗಿದ್ದ ಸಂತ ನಿಕೊಲಾಸರು, ವರದಕ್ಷಿಣೆಗೆ ಗತಿಯಿಲ್ಲದ ಮೂವರು ಹೆಣ್ಣುಮಕ್ಕಳ ಮನೆಯೊಳಕ್ಕೆ ರಾತ್ರಿ ವೇಳೆ ಚಿನ್ನದ ಗಂಟನ್ನು ಎಸೆದು ಹೋಗುತ್ತಿದ್ದರೆಂದೂ, ಕೊನೆಗೆ ಆ ತಂದೆ ಹಿಂದೆ ಓಡಿ ಬಂದು ಗುರುತು ಹಿಡಿದಾಗ ಯಾರಿಗೂ ಹೇಳಕೂಡದೆಂದು ಕೇಳಿಕೊಂಡರೆಂದೂ ಪರಂಪರೆಯ ಕಥೆ ಹೇಳುತ್ತದೆ. ಈ ಕಥೆಯನ್ನು ಕೇಳಿದವರೆಲ್ಲರೂ ನಿಕೊಲಾಸರಂತೆ ಆಗಬೇಕೆಂದು ಆಸೆಪಡುತ್ತಾರೆ. ಬೆಳಿಗ್ಗೆ ಎದ್ದು ನೆಲದ ಮೇಲೆ ಆ ಗಂಟನ್ನು ಕಂಡ ತಂದೆಯ ಸ್ಥಾನದಲ್ಲಿ ನಿಂತು ನೋಡುವವರು ಕಡಿಮೆ. ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನದು ಕೆಳಗೆ. ಕೈಯನ್ನು ಕೆಳಗೆ ಚಾಚುವುದಕ್ಕೆ ಬೇಕಾದ ದೈನ್ಯ ನಮಗೆ ಸುಲಭವಾಗಿ ಬರುವುದಿಲ್ಲ. ಗುರುವಾದ ಯೇಸುಸ್ವಾಮಿಯೇ ಮಂಡಿಯೂರಿ ಕಾಲು ತೊಳೆಯಲು ಬಂದಾಗ ಶಿಷ್ಯರಾದ ಪೇತ್ರರು ಎಂದಿಗೂ ಕೂಡದೆಂದು ತಡೆದದ್ದು ಗೌರವದಿಂದಲೇ. ಆದರೂ ತೊಳೆಯಿಸಿಕೊಳ್ಳದಿದ್ದರೆ ತಮ್ಮೊಂದಿಗೆ ಪಾಲಿಲ್ಲವೆಂಬ ಉತ್ತರವನ್ನು ಅವರು ಕೇಳಬೇಕಾಯಿತು.

ಇದನ್ನು ನಾನು ಅರ್ಥ ಮಾಡಿಕೊಂಡದ್ದು ಒಂದು ಕ್ರಿಸ್‌ಮಸ್ ರಾತ್ರಿ, ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ಕ್ರಿಸ್‌ಮಸ್‌ಗೆ ಸಿದ್ಧರಾಗುವ ಆಗಮನ ಕಾಲದ ಕೊನೆಯ ವಾರದಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಿದ್ದರು. ಜೊತೆಗಿರಲು ನನ್ನ ಹೊರತು ಬೇರೆ ಯಾರೂ ಇರಲಿಲ್ಲ. ಬದುಕಿನಲ್ಲಿ ಎಂದೂ ಚರ್ಚಿನಲ್ಲಿ ನಡೆಯುವ ಮಧ್ಯರಾತ್ರಿಯ ಆರಾಧನೆಯಾದ ಬಲಿಪೂಜೆಯನ್ನು ತಪ್ಪಿಸದ ಅವರು, ತಮಗೆ ಹೋಗಲಾಗದಿದ್ದರೂ ತಮ್ಮ ಪಾಲಿನ ಪ್ರಾರ್ಥನೆಯನ್ನು ನಾನಾದರೂ ಹೋಗಿ ಸಲ್ಲಿಸಬೇಕೆಂದು ಸಂಜೆಯಿಂದ ಹೇಳುತ್ತಲೇ ಇದ್ದರು. ಒಬ್ಬರನ್ನೇ ಬಿಟ್ಟು ಹೋಗುವುದು ಸಾಧ್ಯವೇ ಇರಲಿಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ತಂಗಿಯ ಆರೈಕೆಗೆಂದು ಬಂದಿದ್ದ ಹಿರಿಯ ಹೆಂಗಸೊಬ್ಬರು ಈ ಮಾತುಕತೆಯನ್ನು ಕೇಳಿಸಿಕೊಳ್ಳುತ್ತಿದ್ದರು. ಅವರು ನಮ್ಮ ಧರ್ಮದವರಲ್ಲ. ಅದುವರೆಗೆ ನಾವು ಪರಸ್ಪರ ನೋಡಿ ನಕ್ಕದ್ದಕ್ಕಿಂತ ಹೆಚ್ಚಿನ ಪರಿಚಯವೂ ಇರಲಿಲ್ಲ. "ಹೋಗಿ ಬಾರಮ್ಮ, ನಿಮ್ಮ ತಾಯಿಯನ್ನು ನಾನು ನೋಡಿಕೊಳ್ಳುತ್ತೇನೆ. ಹೇಗೂ ಎಚ್ಚರವಾಗಿರುವವಳು, ಒಬ್ಬರನ್ನು ನೋಡಿದರೇನು, ಇಬ್ಬರನ್ನು ನೋಡಿದರೇನು?" ಎಂದರು. ಬೇಡವೆಂದು ಹೇಳಲು ನನ್ನ ಬಳಿ ಎಲ್ಲ ಕಾರಣಗಳೂ ಸಿದ್ಧವಾಗಿದ್ದವು: ಅವರಿಗೂ ನಿದ್ರೆಯಿಲ್ಲ, ವಯಸ್ಸಾಗಿದೆ, ನಮ್ಮ ಹಬ್ಬಕ್ಕಾಗಿ ಅವರು ಏಕೆ ಕಷ್ಟಪಡಬೇಕು. ಅಷ್ಟರಲ್ಲಿ ತಾಯಿಯೇ ಅವರ ಕಡೆಗೆ ತಿರುಗಿ, "ನಿಮಗೆ ಪುಣ್ಯ ಬರಲಿ" ಎಂದು ಹೇಳಿ ಆ ಕೊಡುಗೆಯನ್ನು ನನಗಿಂತ ಮೊದಲೇ ಸ್ವೀಕರಿಸಿಬಿಟ್ಟರು.

ನಾನು ಹಿಂತಿರುಗಿದಾಗ ತಾಯಿ ನಿದ್ರಿಸುತ್ತಿದ್ದರು. ಉಟ್ಟ ಬಟ್ಟೆ, ಹಾಸಿದ ಹೊದಿಕೆ ಎರಡೂ ಬದಲಾಗಿದ್ದವು. ಕೆದರಿದ್ದ ಕೂದಲನ್ನು ಬಾಚಿ ಹೆಣೆಯಲಾಗಿತ್ತು. ರಾತ್ರಿ ಅವರಿಗೆ ವಾಂತಿಯಾಯಿತೆಂದೂ, ಅದನ್ನು ಬಳಿದು ತೊಳೆದು ಅವರ ಮೈ ಒರೆಸಿದವರು ಆ ಹೆಂಗಸೇ ಎಂದೂ ನನಗೆ ತಿಳಿದದ್ದು ನರ್ಸ್ ಹೇಳಿದ ಮೇಲೆ. ಅವರು ಮಾತ್ರ ಆ ವಿಷಯವನ್ನೇ ಎತ್ತದೆ, "ಪೂಜೆ ಚೆನ್ನಾಗಿ ಆಯಿತೇನಮ್ಮ?" ಎಂದು ಕೇಳಿದರು. ಹಬ್ಬದ ದಿನ ಮಧ್ಯಾಹ್ನದ ವೇಳೆಗೆ ಅವರ ತಂಗಿಯನ್ನು ಬೇರೊಂದು ಆಸ್ಪತ್ರೆಗೆ ಸಾಗಿಸಿದರು. ಆ ಗಡಿಬಿಡಿಯಲ್ಲಿ ಅವರ ಹೆಸರು ಸಹ ತಿಳಿಯದೆ ಉಳಿಯಿತು.

ಪ್ರತಿಯಾಗಿ ಔತಣಕ್ಕೆ ಕರೆಯಬಲ್ಲ ನೆಂಟರನ್ನೂ ಸಿರಿವಂತ ನೆರೆಯವರನ್ನೂ ಕರೆಯಬೇಡ, ಮರಳಿ ಕೊಡಲಾರದವರನ್ನು ಕರೆ, ಆಗ ನೀನು ಧನ್ಯನು ಎಂದು ಯೇಸುಸ್ವಾಮಿ ಬೋಧಿಸಿದ್ದಾರೆ. ಈ ಮಾತನ್ನು ನಾನು ಯಾವಾಗಲೂ ಔತಣ ಮಾಡುವವರ ಕಡೆಯಿಂದಲೇ ಓದುತ್ತಿದ್ದೆ. ಆ ರಾತ್ರಿಯ ಮಟ್ಟಿಗೆ ಮರಳಿ ಕೊಡಲಾರದವರ ಸಾಲಿನಲ್ಲಿ ಕುಳಿತವರು ನಾನೂ ನನ್ನ ತಾಯಿಯೂ. ಕೊಡುವುದರಲ್ಲಿ ಹೆಚ್ಚಿನ ಭಾಗ್ಯವಿದೆಯೆಂಬ ಸ್ವಾಮಿಯ ವಚನವನ್ನು ಸಂತ ಪೌಲರು ಎಫೆಸದ ಹಿರಿಯರಿಗೆ ನೆನಪಿಸಿಕೊಟ್ಟರಲ್ಲವೇ, ಆ ಭಾಗ್ಯ ಒಬ್ಬರಿಗೆ ದೊರಕಬೇಕಾದರೆ ಇನ್ನೊಬ್ಬರು ಮನಸ್ಸು ತೆರೆದು ಪಡೆಯಲೇಬೇಕು. ನನ್ನ ತಾಯಿ ಬೇಡವೆನ್ನದೆ ಒಪ್ಪಿಕೊಂಡದ್ದು ಆ ಹಿರಿಯರಿಗೆ ಮಾಡಿದ ಗೌರವವೇ ಆಗಿತ್ತೆಂದು ಈಗ ನನಗೆ ಕಾಣುತ್ತದೆ. ಕಡೆಯ ತೀರ್ಪಿನ ಕುರಿತು ಸಂತ ಮತ್ತಾಯರು ದಾಖಲಿಸಿದ ಮಾತುಗಳಲ್ಲಿಯೂ, ರೋಗಿಯಾಗಿದ್ದ ನನ್ನನ್ನು ಆರೈಕೆ ಮಾಡಿದಿರಿ ಎಂದು ಅರಸರಾಗಿ ಬಂದ ಕ್ರಿಸ್ತರು ಹೇಳಿದಾಗ ನೀತಿವಂತರು ಬೆರಗಾಗಿ, ನಿಮ್ಮನ್ನು ನಾವು ಯಾವಾಗ ಕಂಡೆವು ಎಂದು ಕೇಳುತ್ತಾರೆ. ಆ ಹೆಂಗಸಿಗೂ ತಾವು ಯಾರ ಮೈ ಒರೆಸಿದೆವೆಂಬ ಎಣಿಕೆ ಇದ್ದಿರಲಾರದು. ಕ್ರಿಸ್ತರು ಅಂದು ಗೋದಲಿಯಲ್ಲಿ ಮಾತ್ರವಲ್ಲ, ನನ್ನ ತಾಯಿಯ ನಿಶ್ಶಕ್ತಿಯಲ್ಲಿಯೂ ಮಲಗಿದ್ದರೆಂದು ನಾನು ಪೂರ್ಣ ಮನಸ್ಸಿನಿಂದ ನಂಬುತ್ತೇನೆ.

1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ಹಾಸಿದ ಗೋದಲಿಯನ್ನೂ ಎತ್ತು ಕತ್ತೆಗಳನ್ನೂ ತರಿಸಿ ಕ್ರಿಸ್‌ಮಸ್ ರಾತ್ರಿಯನ್ನು ಆಚರಿಸಿದರು. ಒಂದು ಕೂಸಿಗೆ ಬೇಕಾದ ಅನುಕೂಲಗಳಿಲ್ಲದೆ ಆ ಶಿಶು ಪಟ್ಟ ಪಾಡನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆಯಾಗಿತ್ತೆಂದು ಅವರ ಚರಿತ್ರೆಯನ್ನು ಬರೆದ ಚೆಲಾನೊದ ತೋಮಸರು ತಿಳಿಸುತ್ತಾರೆ. ನಮ್ಮ ಗೋದಲಿಗಳಲ್ಲಿ ಈಗ ದೀಪಗಳೂ ಬಣ್ಣಗಳೂ ಹೆಚ್ಚಿ, ಫ್ರಾನ್ಸಿಸರು ಕಾಣಬಯಸಿದ ಆ ಕೊರತೆಯೇ ಮರೆಯಾಗುತ್ತಿದೆ. ಅಲಂಕಾರವನ್ನು ನಾನು ದೂರುವುದಿಲ್ಲ. ಆದರೆ ಕೂಸಿಗೆ ಏನೇನು ಇರಲಿಲ್ಲವೆಂದು ಮಕ್ಕಳಿಗೆ ಹೇಳಿಕೊಡದೆ ಗೋದಲಿ ಕಟ್ಟಿ ಮುಗಿಸಬಾರದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಕ್ರಿಸ್‌ಮಸ್ ದಿನ ಮುಂಜಾನೆಯ ಬಲಿಪೂಜೆಯಲ್ಲಿ ಸಂತ ಪೌಲರು ತಮ್ಮ ಸಂಗಡಿಗ ತೀತನಿಗೆ ಬರೆದ ಪತ್ರದ ಮೂರನೆಯ ಅಧ್ಯಾಯದಿಂದ ಒಂದು ಚಿಕ್ಕ ಭಾಗವನ್ನು ಓದುತ್ತಾರೆ. ಮಧ್ಯರಾತ್ರಿಯ ಪೂಜೆಗೆ ಬಂದವರಲ್ಲಿ ಹಲವರು ಆ ಹೊತ್ತಿಗೆ ನಿದ್ರೆಯಲ್ಲಿರುವುದರಿಂದ ಅದನ್ನು ಕೇಳುವವರು ಸ್ವಲ್ಪ ಜನ. ನಮ್ಮ ಉದ್ಧಾರಕರಾದ ದೇವರ ದಯೆಯೂ ಅವರ ಮಾನವಪ್ರೇಮವೂ ಪ್ರತ್ಯಕ್ಷವಾದಾಗ ಅವರು ನಮ್ಮನ್ನು ರಕ್ಷಿಸಿದ್ದು ನಾವು ಮಾಡಿದ ಸತ್ಕಾರ್ಯಗಳ ನಿಮಿತ್ತವಲ್ಲ, ತಮ್ಮ ಕರುಣೆಯ ನಿಮಿತ್ತವೇ ಎಂಬುದು ಅದರ ಸಾರ. ಪಕ್ಕದ ಹಾಸಿಗೆಯ ರೋಗಿ ಯಾರು, ಯಾವ ಕುಲದವಳು, ತಮಗೆ ಎಂದಾದರೂ ಒದಗಿ ಬಂದಾಳೇ ಎಂದು ಆ ಹಿರಿಯರು ಕೇಳಲಿಲ್ಲ. ನನಗೆ ಆ ವಾಚನ ಈಗ ಅವರ ದನಿಯಲ್ಲಿಯೇ ಕೇಳಿಸುತ್ತದೆ. ಆ ಮುಂಜಾನೆಯ ಪೂಜೆಯಲ್ಲಿ ಕಾಣಿಕೆಗಳ ಅರ್ಪಣೆಯ ವೇಳೆ ನನ್ನ ತಾಯಿಯ ಹೆಸರಿನ ಜೊತೆಗೆ, ಹೆಸರು ತಿಳಿಯದ ಆ ತಾಯಿಯನ್ನೂ ದೇವರ ಮುಂದೆ ನೆನೆಯುತ್ತೇನೆ. ಅವರಿಗೆ ಕೈಕಾಲು ಸೋತ ದಿನ ಬಂದರೆ ಯಾರಾದರೂ ಮುಂದೆ ಬಂದು ಅವರ ಬಟ್ಟೆ ಬದಲಿಸಲಿ, ಅವರ ತಲೆ ಬಾಚಲಿ, ಅದನ್ನು ಅವರು ಸಂಕೋಚವಿಲ್ಲದೆ ಒಪ್ಪಿಕೊಳ್ಳುವಂತಾಗಲಿ ಎಂದು ಬೇಡಿಕೊಳ್ಳುತ್ತೇನೆ.