ಗೊಂಬೆ ಹಬ್ಬ 2025: ವಾಮನನ ಕೊಡೆ ನಿಂತಿದೆ, ಕಾರ್ಡ್ ಉಜ್ಜಿಲ್ಲ

ದಶಾವತಾರ ಗೊಂಬೆ ಸೆಟ್‌ನ ವಾಮನನಿಗೆ ಮನೇಲೇ ಮಾಡಿದ ಕೊಡೆ ಕೊನೆಗೂ ನಿಂತ್ಕೊಳ್ತು. ವಿಜಯದಶಮಿ ರಾತ್ರಿ ಪಟ್ಟದ ಗೊಂಬೆ ಮಲಗಿಸೋವಾಗ ಬೆರಳಲ್ಲಿ ತಟ್ಟಿ ನೋಡ್ದೆ, ಟಕ್ ಅಂತು, ಎಲ್ಲೂ ಬಿರುಕಿಲ್ಲ, ಅಂಚು ಸೊಟ್ಟಗಾಗಿಲ್ಲ. ಎಷ್ಟು ಖುಷಿ ಆಯ್ತು ಅಂದ್ರೆ ಆಗಲೇ ಬರೆಯೋಕೆ ಕೂತ್ಕೋಬೇಕು ಅನ್ನಿಸ್ತು.

ಒರೆಸೋದು, ಮೆಟ್ಟಿಲು ಕಟ್ಟೋದು, ಬಿಳಿ ಪಂಚೆ ಹಾಸೋದು ನಿಮಗೆಲ್ಲ ಗೊತ್ತಿರೋದೇ, ಅದನ್ನ ಬಿಡ್ತೀನಿ. ಈ ವರ್ಷದ ಪ್ರಾಜೆಕ್ಟು ಗೊಂಬೆಗಿಂತ ಹೆಚ್ಚಾಗಿ ದುಡ್ಡಿಂದು. ಗೌರಿ ಹಬ್ಬದಿಂದ ಬಲಿಪಾಡ್ಯಮಿ ತನಕ ಒಂದು ರೂಪಾಯಿ ಸಾಲ ಮಾಡ್ಬಾರ್ದು, ಹಾಗಂತ ಹಬ್ಬ ಸಪ್ಪೆನೂ ಆಗ್ಬಾರ್ದು. ಕ್ಯಾಲೆಂಡರ್ ನೋಡಿದ್ರೆ ಹೊಟ್ಟೆ ಉರಿಯುತ್ತೆ: ಗಣೇಶ ಆಗಸ್ಟ್ 27, ಗೊಂಬೆ ಕೂರಿಸಿದ್ದು ಸೆಪ್ಟೆಂಬರ್ 22, ನರಕ ಚತುರ್ದಶಿ ಅಕ್ಟೋಬರ್ 20. ಮೂರೂ ತಿಂಗಳ ಕೊನೇ ಭಾಗದಲ್ಲೇ, ಸಂಬಳ ಕರಗಿರೋ ಹೊತ್ತಲ್ಲೇ. ಅದಕ್ಕೆ ಹೋದ ದಸರಾದಿಂದ್ಲೇ ಬ್ಯಾಂಕಲ್ಲಿ ತಿಂಗಳಿಗೆ 500ರ ಆರ್‌ಡಿ (ತಿಂಗಳು ತಿಂಗಳು ಕಟ್ಟೋ ಠೇವಣಿ) ಹಾಕಿದ್ದೆ, ಗೊಂಬೆ, ಚರ್ಪು (ಗೊಂಬೆ ನೋಡೋಕೆ ಬಂದ ಮಕ್ಕಳಿಗೆ ಕೊಡೋ ತಿಂಡಿ), ಹೂವು ಎಲ್ಲಾ ಅದರೊಳಗೇ.

ನಮ್ಮನೇಲಿ ಪೆಟ್ಟಿಗೆ ಅಟ್ಟದಿಂದ ಇಳಿಸೋದು ಮಹಾಲಯ ಅಮಾವಾಸ್ಯೆಗೆ. ಈ ಸಲ ಆಷಾಢದಲ್ಲೇ ಇಳಿಸ್ದೆ. ಅಮಾವಾಸ್ಯೆ ದಿನ ಒಂದು ಗೊಂಬೆ ಮುರಿದಿದೆ ಅಂತ ಗೊತ್ತಾದ್ರೆ ಮಾರನೇ ಬೆಳಿಗ್ಗೆ ಪಾಡ್ಯ, ಕೇಳಿದಷ್ಟು ಕೊಟ್ಟು ತರಲೇಬೇಕು, ಬೇರೆ ದಾರಿನೇ ಇರಲ್ಲ. ಆಷಾಢದಲ್ಲಿ ಗೊತ್ತಾದ್ರೆ ಯೋಚನೆ ಮಾಡೋಕೆ ಎರಡು ತಿಂಗಳಿರುತ್ತೆ. ಹಬ್ಬದ ಖರ್ಚಲ್ಲಿ ಜೀವ ಹಿಂಡೋದು ಈ ಕೊನೇ ವಾರನೇ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇಳಿಸಿ ನೋಡಿದ್ರೆ ದಶಾವತಾರ ಸೆಟ್‌ನಲ್ಲಿ ವಾಮನನ ಕೊಡೆ ಪುಡಿಪುಡಿ. ಅಂಗಡಿಗೆ ಹೋಗಿ ಕೇಳಿದ್ರೆ, "ಬಿಡಿ ಬರಲ್ಲ ಮೇಡಂ, ಸೆಟ್ಟೇ ತಗೊಳ್ಳಿ, ಮೂರೂವರೆ ಸಾವಿರ, ನೋ ಕಾಸ್ಟ್ ಇಎಂಐ ಇದೆ." ಒಂದು ಕೊಡೆಗೋಸ್ಕರ ಹತ್ತು ಅವತಾರ! ಆ ನೋ ಕಾಸ್ಟ್ ಬಗ್ಗೆನೂ ಹೇಳ್ಬಿಡ್ತೀನಿ, ಬಡ್ಡಿಯಷ್ಟನ್ನ ಡಿಸ್ಕೌಂಟ್ ಅಂತ ಮೊದಲೇ ಕಳೀತಾರೆ ನಿಜ, ಆದ್ರೆ ಆ ಬಡ್ಡಿ ಮೇಲೆ 18% ಜಿಎಸ್‌ಟಿ ಬಿಲ್ಲಿಗೆ ಬಂದೇ ಬರುತ್ತೆ, ಸುಮಾರು ಕಾರ್ಡುಗಳಲ್ಲಿ ಪ್ರೊಸೆಸಿಂಗ್ ಫೀ ಬೇರೆ. ಕಟ್ಟದೆ ಬಾಕಿ ಉಳಿಸಿದ್ರಂತೂ ಮುಗೀತು, ಎಷ್ಟೋ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ 3.5%ರ ಆಸುಪಾಸು, ಅಂದ್ರೆ ವರ್ಷಕ್ಕೆ ಸುಮಾರು 42%.

ಸರಿ, ರಿಪೇರಿ. ಕೊಪ್ಪಳದ ಕಿನ್ನಾಳದಲ್ಲಿ ಗೊಂಬೆ ಮಾಡೋ ಚಿತ್ರಗಾರರು ಬಳಸೋ ಕಿಟ್ಟ ಅನ್ನೋ ಮುದ್ದೆ ನೆನಪಾಯ್ತು: ಗೋಣಿ ನಾರಿನ ಪುಡಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು. ಮೂರೂ ಪುಕ್ಕಟೆ. ಬೀಜ ಹುರಿದು ಸಿಪ್ಪೆ ತೆಗೆದು ನೆನೆಸಿ ರುಬ್ಬಿ ಕುದಿಸಿದ್ರೆ ಅಂಟು ರೆಡಿ, ಹುರಿಯೋ ಹದ ಹೇಳಿಕೊಟ್ಟಿದ್ದು ಅತ್ತೆ. ತಿರುಗಿಸಿಟ್ಟ ಪುಟ್ಟ ಸೌಟಿಗೆ ಎಣ್ಣೆ ಸವರಿ ಅದರ ಬೆನ್ನ ಮೇಲೆ ಕೊಡೆ ತಟ್ಟಿದೆ.

ಇಲ್ಲಿಂದ ಶುರು ತಲೆನೋವು. ದುಡ್ಡು ಉಳೀಬೇಕಂದ್ರೆ ಆಷಾಢದಲ್ಲಿ ಶುರು ಮಾಡ್ಬೇಕು, ಆದ್ರೆ ಆಷಾಢ ಶ್ರಾವಣದಲ್ಲಿ ಮಳೆ, ಕಿಟ್ಟ ಒಣಗಲ್ಲ. ಮೊದಲ್ನೇದು ಬೂಷ್ಟು ಹಿಡಿದು ವಾಸನೆ. ಮೈಲುತುತ್ತ ಹಾಕಿ ಅಂದ್ರು ಬುಕ್ ಬೈಂಡಿಂಗ್ ಅಂಗಡಿಯವರು, ಅವರ ಅಂಟಿಗೆ ಅದು ಸರಿ, ಆದ್ರೆ ವಿಷ, ಗೊಂಬೆ ಮುಟ್ಟದೆ ಇರೋ ಮಕ್ಕಳು ಎಲ್ಲಿದ್ದಾರೆ ಹೇಳಿ, ಅದಕ್ಕೆ ಲವಂಗದ ಎಣ್ಣೆ ಎರಡು ಹನಿ ಹಾಕ್ದೆ, ಬೂಷ್ಟು ನಿಂತೋಯ್ತು. ಬೇಗ ಒಣಗ್ಲಿ ಅಂತ ಬಲ್ಬಿನ ಕೆಳಗಿಟ್ರೆ ಬೇಸಿಗೆ ಕೆರೆ ಅಂಗಳದ ಥರ ಬಿರುಕು, ಅಂಚು ಮೇಲಕ್ಕೆ ಸುರುಳಿ. ಹೊರಗಡೆ ಮೊದಲು ಒಣಗಿ ಬಿಗೀತಾ ಇತ್ತು, ಒಳಗಿನ್ನೂ ಹಸಿ.

ದಾರಿ ಸಿಕ್ಕಿದ್ದು ಅಕ್ಕಿಯಿಂದ. ಉಪ್ಪಿನ ಡಬ್ಬೀಲಿ ಅಕ್ಕಿ ಕಾಳು ಹಾಕ್ತೀವಲ್ಲ, ಅದೇ ತತ್ವ. ದೊಡ್ಡ ಸ್ಟೀಲ್ ಡಬ್ಬದ ತಳಕ್ಕೆ ಹುರಿದು ಆರಿಸಿದ ಅಕ್ಕಿ, ಮೇಲೆ ಜಾಲರಿ, ಅದರ ಮೇಲೆ ಸೌಟಿನ ಸಮೇತ ಕೊಡೆ, ಮುಚ್ಚಳ ಬಿಗಿ. ಅಕ್ಕಿ ತೇವ ಎಳ್ಕೊಂಡ ಮೇಲೆ ಮತ್ತೆ ಹುರಿಯೋದು. ಅಂಟು ಕಮ್ಮಿ ಮಾಡಿ ಹೊಟ್ಟು ಜಾಸ್ತಿ, ಗೋಣಿ ನಾರು ಅಡ್ಡಡ್ಡ ಎರಡು ಪದರ, ಒಂದು ಪೂರ್ತಿ ಒಣಗೋ ತನಕ ಇನ್ನೊಂದು ಮುಟ್ಟಂಗಿಲ್ಲ, ಸೌಟಿಂದ ಬಿಡಿಸಂಗೂ ಇಲ್ಲ. ನಿಧಾನ ಅಂದ್ರೆ ನಿಧಾನ, ಆದ್ರೆ ಒಳಗೂ ಹೊರಗೂ ಒಂದೇ ಸಮ ಒಣಗ್ತು. ಮೇಲೆ ಸುಣ್ಣದ ಬಿಳುಪು, ಬಣ್ಣ, ಕಡ್ಡಿಗೆ ಪೊರಕೆ ಕಡ್ಡಿ. ಆ ಅಕ್ಕಿ ಹಿಟ್ಟಾಗಿ ರಂಗೋಲಿಗೆ ಹೋಯ್ತು. ಒಟ್ಟು ಖರ್ಚು ಲವಂಗದ ಎಣ್ಣೆ ಬಾಟ್ಲಿದಷ್ಟೇ.

ಉಳಿದದ್ದು ಚುಟುಕಾಗಿ. ಈ ಸಲ ನವರಾತ್ರೀಲಿ ಒಂದು ತಿಥಿ ಎರಡು ದಿನ ಬಂದು ದಸರಾನೇ ಹನ್ನೊಂದು ದಿನ, ಅಂದ್ರೆ ಒಂದು ದಿನದ ಚರ್ಪು ಜಾಸ್ತಿ, ಕಡಲೆ ಹೆಸರುಕಾಳು ಅಲಸಂದೆ ಮೊದಲೇ ಸಗಟಲ್ಲಿ ತಂದಿದ್ರಿಂದ ನಡೀತು. ಬೂದುಗುಂಬಳ ವಾರ ಮುಂಚೆನೇ ತಂದಿಡಿ, ಇಡೀ ಕಾಯಿ ತಿಂಗಳುಗಟ್ಟಲೆ ಕೆಡಲ್ಲ, ಆಯುಧಪೂಜೆ ಹಿಂದಿನ ಸಂಜೆ ಅದರ ರೇಟು ಕೇಳಂಗೇ ಇಲ್ಲ. ಆನ್‌ಲೈನಲ್ಲಿ ತರಿಸಿದ ಸೀರಿಯಲ್ ಸೆಟ್ ಮೂರನೇ ದಿನಕ್ಕೆ ಅರ್ಧ ಸತ್ತೋಯ್ತು, ರಿಟರ್ನ್ ಕೇಳಿದ್ರೆ ಹಬ್ಬದ ಸೇಲ್ ಐಟಂ ವಾಪಸ್ ಇಲ್ವಂತೆ, ಈ ಮಾತು ಕೊಳ್ಳೋವಾಗ ಕಾಣೋ ಜಾಗದಲ್ಲಿ ಹಾಕೋಕೆ ಇವರಿಗೇನು ಕಷ್ಟ?

ಮುಂದಿನದು ಸಂಕ್ರಾಂತಿ, ಸಕ್ಕರೆ ಅಚ್ಚು ಮನೇಲೇ. ಈ ವರ್ಷ ತಿಪಟೂರಲ್ಲಿ ಕೊಬ್ಬರಿ ಕ್ವಿಂಟಾಲಿಗೆ 25,000 ದಾಟಿದ್ದು ನೋಡಿದ್ದೀರಲ್ಲ, ಎಳ್ಳು-ಬೆಲ್ಲದ ಲೆಕ್ಕ ಈಗ್ಲೇ ಹಾಕಿದೀನಿ, ಉಳಿತಾಯ ಏನಿದ್ರೂ ಅಚ್ಚಿಂದಲೇ ಬರ್ಬೇಕು. ಪಾಕಕ್ಕೆ ಹಾಲು ಹಾಕಿ ಕಲ್ಮಶ ತೆಗೆಯೋದು ಗೊತ್ತು, ಮರದ ಅಚ್ಚು ರಾತ್ರಿ ನೆನೆಸೋದೂ ಗೊತ್ತು, ಅಚ್ಚೇ ಇಲ್ಲ. ಹಳೇ ಮರದ ಅಚ್ಚು, ಆನೆ ಕುದುರೆ ಗೋಪುರ ಯಾವುದಾದ್ರೂ ಸರಿ, ಒಂದು ವಾರಕ್ಕೆ ಎರವಲು ಕೊಡೋರಿದ್ರೆ ಹೇಳಿ. ಬದಲಿಗೆ ಒಂದು ಡಬ್ಬ ಕಿಟ್ಟದ ಒಣಪುಡಿ ಉಳಿದಿದೆ, ಕೊಡ್ತೀನಿ.