ಸೊಂಟ ಸ್ವಲ್ಪ ಕೆಳಗಿರಲಿ

"ಅಣ್ಣಾ, ಸೊಂಟ ಇನ್ನೊಂಚೂರು ಕೆಳಗಿರಲಿ, ತೊಡೆ ಹತ್ರ ಟೈಟ್ ಮಾಡಿಕೊಡ್ರಿ."

ಬಳ್ಳಾರಿಯ ನನ್ನ ಜೀನ್ಸ್ ಅಂಗಡಿಯಲ್ಲಿ ಈ ಮಾತನ್ನು ದಿನಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಕಾಲೇಜು ಹುಡುಗರು ಕೇಳುತ್ತಾರೆ, ಲಾರಿ ಡ್ರೈವರ್‌ಗಳು ಕೇಳುತ್ತಾರೆ, ಮದುವೆ ಗೊತ್ತಾದವರು ಕೇಳುತ್ತಾರೆ. ಲಂಡನ್ನಿನಲ್ಲಿ ಇಂಥ ಪ್ಯಾಂಟನ್ನು ಧೈರ್ಯ ಮಾಡಿ ಮೊದಮೊದಲು ಹಾಕಿಕೊಂಡವರು ಯಾರು ಅಂತ ನನಗೆ ತಿಳಿದದ್ದು ವಯಸ್ಸು 30 ದಾಟಿದ ಮೇಲೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಾನೂ ಗೇ.

ಬಿಲ್ ಗ್ರೀನ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದ. ಕಟ್ಟುಮಸ್ತಾದ ಗಂಡಸರ ಫೋಟೋ ತೆಗೆಯುತ್ತಿದ್ದ. ಫೋಟೋದಲ್ಲಿ ಅವರು ಹಾಕಿದ ಚಡ್ಡಿ ಎಲ್ಲಿ ಸಿಗುತ್ತೆ ಅಂತ ಜನ ಕೇಳತೊಡಗಿದರು. ಅಂಚೆಯಲ್ಲಿ ಮಾರಲು ಶುರು ಮಾಡಿದ. 1954ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ, ಕಾರ್ನಬಿ ಸ್ಟ್ರೀಟ್ ಪಕ್ಕದ ಗಲ್ಲಿಯಲ್ಲಿ ‘ವಿನ್ಸ್’ ಅನ್ನೋ ಅಂಗಡಿಯನ್ನೇ ತೆರೆದ. ಆಗ ಅಲ್ಲಿನ ಗಂಡಸರ ಬಟ್ಟೆ ಅಂದರೆ ಬೂದು, ಕಪ್ಪು, ಸಡಿಲ. ವಿನ್ಸ್‌ನಲ್ಲಿ ಸೊಂಟದ ಕೆಳಗೆ ಕೂರುವ ಬಿಗಿ ಪ್ಯಾಂಟು, ವೆಲ್ವೆಟ್, ರೇಷ್ಮೆ, ಬಣ್ಣ ತೆಗೆದ ಡೆನಿಮ್. ಗಿರಾಕಿಗಳಲ್ಲಿ ಗೇ ಗಂಡಸರೇ ಜಾಸ್ತಿ, ನಾಟಕದವರೂ ಬರುತ್ತಿದ್ದರು.

ಬಣ್ಣ ತೆಗೆದ ಡೆನಿಮ್! ನಮ್ಮೂರಲ್ಲಿ ಎಷ್ಟು ವಾಷಿಂಗ್ ಯೂನಿಟ್‌ಗಳು ಇವತ್ತೂ ಅದರಿಂದಲೇ ಅನ್ನ ತಿನ್ನುತ್ತಿವೆ.

ವಿನ್ಸ್‌ನಲ್ಲಿ ಕೆಲಸಕ್ಕಿದ್ದ ಗ್ಲಾಸ್ಗೋದ ಹುಡುಗ ಜಾನ್ ಸ್ಟೀಫನ್. ಅವನೂ ಗೇ. ತನ್ನ ಬಾಳಿನ ಜೊತೆಗಾರ ಬಿಲ್ ಫ್ರಾಂಕ್ಸ್ ಜೊತೆ ಸೇರಿ 1950ರ ದಶಕ ಮುಗಿಯುವ ಮೊದಲೇ ಸ್ವಂತ ಅಂಗಡಿ ಹಾಕಿದ. ಕಾರ್ನಬಿ ಸ್ಟ್ರೀಟ್‌ನಲ್ಲಿ ಒಂದಾದ ಮೇಲೊಂದು ಅಂಗಡಿ ಎದ್ದವು. ಒಳಗೆ ಜೋರಾಗಿ ಹಾಡು, ಬಾಗಿಲಲ್ಲೇ ಬಣ್ಣಬಣ್ಣದ ಬಟ್ಟೆ. ಹೊಸ ಫ್ಯಾಷನ್ನಿನ ಹುಚ್ಚಿದ್ದ, ‘ಮಾಡ್’ ಅಂತ ಕರೆಸಿಕೊಳ್ಳುತ್ತಿದ್ದ ಹುಡುಗರು ಮುಗಿಬಿದ್ದರು. ಪತ್ರಿಕೆಗಳು ಅವನನ್ನು ಕಾರ್ನಬಿ ಸ್ಟ್ರೀಟಿನ ರಾಜ ಅಂದವು. ಆದರೆ ಆ ರಾಜ ತನ್ನ ಜೊತೆಗಾರನೊಂದಿಗಿನ ದೈಹಿಕ ಸಂಬಂಧಕ್ಕೇ ಜೈಲಿಗೆ ಹೋಗಬಹುದಿತ್ತು. ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾದದ್ದು 1967ರಲ್ಲಿ. ಇಂಥ ಸಂಬಂಧವನ್ನೇ ಅಪರಾಧ ಮಾಡಿ ಬ್ರಿಟಿಷರು ನಮಗೆ 1860ರಲ್ಲಿ ಬರೆದಿಟ್ಟ ದಂಡ ಸಂಹಿತೆಯ 377ನೇ ಕಲಂನಿಂದ ನಾವು ಬಿಡಿಸಿಕೊಂಡದ್ದು 2018ರ ಸೆಪ್ಟೆಂಬರ್ 6ಕ್ಕೆ.

ಆ ಅಂಗಡಿಗಳನ್ನು ನೆನೆದರೆ ನನಗೆ ಕನ್ನಡಿಯೇ ಕಣ್ಣ ಮುಂದೆ ಬರುತ್ತೆ. ಬೀದಿಯಲ್ಲಿ ಒಬ್ಬ ಗಂಡಸು ಇನ್ನೊಬ್ಬನನ್ನು ಕಣ್ತುಂಬ ನೋಡಿದರೆ ತಪ್ಪು. ಬಟ್ಟೆಯಂಗಡಿಯಲ್ಲಿ ನೋಡಬಹುದು. "ಹೇಗೆ ಕೂತಿದೆ?" ಅಂತ ಕೇಳಬಹುದು. ಅದಕ್ಕೆ ಯಾವ ಪೊಲೀಸೂ ಹಿಡಿಯಲ್ಲ, ಅಲ್ವಾ?

ನನಗೆ 16 ಆದಾಗ ಕೌಲ್ ಬಜಾರ್‌ನಲ್ಲಿ ಒಬ್ಬರು ಕಟಿಂಗ್ ಮಾಸ್ಟರ್ ಹತ್ತಿರ ಕೆಲಸ ಕಲಿಯುತ್ತಿದ್ದೆ. ಮೊದಲ ಸಂಬಳದಲ್ಲಿ ಗುಲಾಬಿ ಬಣ್ಣದ ಬಟ್ಟೆ ತಂದು, ಮೈಗೆ ಅಂಟುವಂಥ ಶರ್ಟ್ ಬೇಕು ಅಂದೆ. ಮಷಿನ್ ಮೇಲಿದ್ದವರೆಲ್ಲ ನಕ್ಕರು. "ಲಂಗಾನೂ ಹೊಲಿಸ್ಕೊ" ಅಂದ ಒಬ್ಬ. ಮಾಸ್ಟರ್ ತಲೆ ಎತ್ತಲಿಲ್ಲ. "ಮೈ ಅವಂದು, ಬಟ್ಟಿ ಅವಂದು. ನಿಮಗೇನ್ರಲೇ?" ಅಂದು ಟೇಪು ತಗೊಂಡರು. ಎದೆ ಅಳತೆಗಿಂತ ಬರೀ 2 ಇಂಚು ಜಾಸ್ತಿ ಬಿಟ್ಟರು. ಆ ಶರ್ಟ್ ಇನ್ನೂ ನನ್ನ ಟ್ರಂಕಿನಲ್ಲಿದೆ.

ಈಗ ಅವರಿಗೆ ಕಣ್ಣು ಮಂಜು. ಆದರೂ ಸಂಜೆ ನನ್ನ ಅಂಗಡಿಗೆ ಬಂದು ಕೂರುತ್ತಾರೆ. ಹೋದ ತಿಂಗಳು ಅವರಿಗೆ ವಿನ್ಸ್ ಕಥೆಯೆಲ್ಲ ಹೇಳಿದೆ. ಯಾರು ತೆರೆದರು, ಯಾರು ಕೊಳ್ಳುತ್ತಿದ್ದರು, ಅವರು ಎಂಥವರು, ಎಲ್ಲಾ. ಕೊನೆಗೆ, "ನನ್ನಂಥವರು, ಮಾಸ್ಟರ್" ಅಂದೆ.

ಅವರು ಚಹಾ ಲೋಟ ಕೆಳಗಿಟ್ಟರು.

"ಸೊಂಟ ಅಷ್ಟು ಇಳಿಸಿದ್ರೆ ಕೂತಾಗ ಹಿಂದೆ ಎಳಿತದಲ್ಲಪ್ಪ. ಸೀಟಿಗೆ ಎಷ್ಟು ಬಟ್ಟಿ ಬಿಡ್ತಿದ್ರಂತ?"

ಗೊತ್ತಿಲ್ಲ ಅಂದೆ. ಕೈ ಚಾಚಿ ಚಾಕ್ ಕೇಳಿದರು. ಟೇಬಲ್ ಮೇಲೆ ಬಿದ್ದಿದ್ದ ಡೆನಿಮ್ ತುಂಡನ್ನು ಬೆರಳಿಂದ ಸವರಿ, ತಾವೇ ಗೆರೆ ಎಳೆಯತೊಡಗಿದರು.