ಆರೋಗ್ಯ ರಾಯಭಾರಿಗಳು ನಾವು!

ಶಿರಸಿಯಲ್ಲಿ ಶಾಲಾ ಆರೋಗ್ಯ ತರಬೇತಿ ಮುಗಿಸಿ ಬಸ್ ಹತ್ತಿದೆ. ಆಯುಷ್ಮಾನ್ ಭಾರತ್ ಅಡಿ 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮ, ಶಾಲೆಗೆ ಇಬ್ಬರು ಶಿಕ್ಷಕರು ‘ಆರೋಗ್ಯ ರಾಯಭಾರಿ’ಗಳು, ಮಕ್ಕಳಿಗೆ ಹೇಳಿಕೊಡೋಕೆ 11 ವಿಷಯ. ಊಟ, ಕೈ ತೊಳೆಯೋದು ಎಲ್ಲ ಸಲೀಸು. ಮುಟ್ಟಿನ ವಿಷಯ ಬಂದಾಗ ಮಾತ್ರ ಮೇಷ್ಟ್ರುಗಳೆಲ್ಲ ಕಿಟಕಿ ಕಡೆ ನೋಡುತ್ತಾ ಕೂತರು. ಆಮೇಲೆ ತರಬೇತಿ ಕೊಡುವವರು ನಮ್ಮನ್ನು ಒಬ್ಬೊಬ್ಬರನ್ನೇ ನಿಲ್ಲಿಸಿ ಪಾಠ ಮಾಡಿಸಿದರು, ಅದೇ ಒಳ್ಳೆಯದಾಯಿತು, ಯಾಕಂದ್ರೆ ಸ್ಲೈಡ್ ನೋಡಿ ತಲೆಯಾಡಿಸೋದು ಬೇರೆ, ಎಂಟನೇ ಕ್ಲಾಸಿನ ಮಕ್ಕಳ ಮುಂದೆ ಅದನ್ನೇ ಬಾಯಿಬಿಟ್ಟು ಹೇಳೋದು ಬೇರೆ ಅಲ್ವಾ. ಒಬ್ಬರಂತೂ ಬೆವರು ಒರೆಸಿಕೊಂಡೇ ಮುಗಿಸಿದರು, ಪಾಪ, ಆದರೆ ಚೆನ್ನಾಗಿ ಹೇಳಿದರು.

ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆಗೆ ಇನ್ನೂ ಜಾಸ್ತಿ ಹೊತ್ತು ಕೊಡಬೇಕಿತ್ತು. ಸಿದ್ದಾಪುರದ ಕಡೆ ಮಕ್ಕಳು ಸುಮ್ನೆ ಕಾಡಿಗೆ ಹೋಗಿ ಬರುತ್ತಾರೆ. ಮೈಗೆ ಉಣುಗು ಹತ್ತಿದೆಯಾ ನೋಡಿಕೊಳ್ಳಿ, ಸತ್ತ ಮಂಗದ ಹತ್ತಿರ ಹೋಗಬೇಡಿ, ಕಂಡರೆ ದೊಡ್ಡವರಿಗೆ ಹೇಳಿ ಅಂತ ನಾಳೆ ಪ್ರಾರ್ಥನೆ ಮುಗಿದ ಕೂಡಲೇ ಹೇಳುತ್ತೇನೆ.